ಬಾಟಲಿ ಮೆತ್ತೆ

ಕೂಸಿನ ಕಿವಿ ಮತ್ತೆ ಸೋರಿದ ದಿನ ಮನೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ಸೊಸೆಯ ಕೋಟು. ಬಾಗಿಲ ಹಿಂದಿನ ಮೊಳೆಯಲ್ಲಿ ತನ್ನ ಪಾಡಿಗೆ ತೂಗಾಡುತ್ತಿದ್ದ ಅದನ್ನು ಅಜ್ಜಿ ಬೆರಳ ತುದಿಯಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ, ಹಿತ್ತಲ ತಂತಿಯ ಮೇಲೆ ಎಸೆದು ಬಂದಳು.

"ಈ ಕೋಟು ಇನ್ನು ಒಳಗೆ ಬರಬಾರದು. ಐಸ್ ಪೆಟ್ಟಿಗೆಯಲ್ಲಿ ದಿನವಿಡೀ ನಿಂತು, ಅದೇ ಮೈಯಲ್ಲಿ ಬಂದು ಮಗೂನ ಅಪ್ಪಿಕೊಂಡ್ರೆ ಕಿವಿ ಸೋರದೆ ಇನ್ನೇನಾಗುತ್ತೆ?"

"ಅತ್ತೆ, ನಿನ್ನೆ ಸಂಜೆಯಿಂದ ಮೊಳೆ ಮೇಲಿರೋ ಕೋಟದು. ಅದ್ರಲ್ಲಿ ಚಳಿ ಹೇಗೆ ಉಳಿಯುತ್ತೆ?"

"ಒಳಗೆ ಕೂತಿರುತ್ತೆ ಕಣೇ. ಹತ್ತಿ ಅಷ್ಟು ಸುಲಭವಾಗಿ ಬಿಡುತ್ತಾ?"

"ಹಾಗಾದ್ರೆ ನನ್ನನ್ನೂ ತಂತಿ ಮೇಲೆ ಹಾಕಿಬಿಡಿ!"

ಮಗ ಲಿಫ್ಟ್ ರಿಪೇರಿಯವನು. ಮಹಡಿ ಮಹಡಿಗಳ ನಡುವೆ ಸಿಕ್ಕಿಕೊಂಡ ಜನರನ್ನು ದಿನವೂ ಬಿಡಿಸುವ ಆ ಪುಣ್ಯಾತ್ಮನಿಗೆ ಅಮ್ಮ ಮತ್ತು ಹೆಂಡತಿಯ ನಡುವೆ ತಾನೇ ಸಿಕ್ಕಿಕೊಂಡಾಗ ಏನೂ ತೋಚುತ್ತಿರಲಿಲ್ಲ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಬಾಯಿಗೆ ತುರುಕಿಕೊಂಡು, "ಬೆಳಿಗ್ಗೆ ಬೆಳಿಗ್ಗೆ ಶುರು ಮಾಡಬೇಡಿ ನೀವಿಬ್ರೂ" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಇಷ್ಟನ್ನೂ ಮುಂದಿನ ಕೋಣೆಯಿಂದ ಕೇಳುತ್ತ, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೆತ್ತನೆ ಬಟ್ಟೆಯಿಂದ ಕಿವಿಯ ಹೊರಗೆ ಹರಿದ ಕೀವು ಒರೆಸುತ್ತಿದ್ದವನು ತಾತ. ಆ ಮುಂದಿನ ಕೋಣೆಯೇ ಅವನ ಅಂಗಡಿ. ಬೈಕಿನ ಸೀಟು, ಸೋಫಾ, ಆಫೀಸು ಕುರ್ಚಿ, ಒಟ್ಟಿನಲ್ಲಿ ಮನುಷ್ಯ ಕೂರುವ ಯಾವುದೇ ಜಾಗಕ್ಕೂ ಅವನು ಮೆತ್ತೆ ಹೊಲಿಯುತ್ತಿದ್ದ. ಬೀದಿಗೆಲ್ಲ ಅವನು ಕುಶನ್ ತಾತ. ಸೊಸೆಯ ಆ ಕೋಟನ್ನು ಹೊಲಿದವನೂ ಅವನೇ. ಅವಳು ಕೋಲ್ಡ್ ಸ್ಟೋರೇಜಿನಲ್ಲಿ ಸೇಬು, ಆಲೂಗಡ್ಡೆ ಪೆಟ್ಟಿಗೆಗಳನ್ನು ವಿಂಗಡಿಸುವ ಕೆಲಸಕ್ಕೆ ಸೇರಿದಾಗ, ಅಲ್ಲಿ ಕೊಟ್ಟ ಕೋಟು ಚಳಿ ತಡೆಯುವುದಿಲ್ಲವೆಂದು, ಒಳಗೆ ಹತ್ತಿಯ ಪದರ ಕೊಟ್ಟು, ಮಣಿಕಟ್ಟಿನ ಹತ್ತಿರ ಗಾಳಿ ನುಗ್ಗದ ಹಾಗೆ ಪಟ್ಟಿ ಇಟ್ಟು ಹೊಲಿದುಕೊಟ್ಟಿದ್ದ. ಈಗ ಅವಳು ಅಲ್ಲಿ ಒಂದು ಪಾಳಿಯ ಹೆಂಗಸರಿಗೆಲ್ಲ ಮುಖ್ಯಸ್ಥೆ. "ನನ್ನ ಮಾವ ಹೊಲಿದದ್ದು" ಎಂದು ಕೋಟಿನ ಒಳಮೈ ತೋರಿಸಿ ಬರುತ್ತಿದ್ದಳಂತೆ. ಅದನ್ನು ಕೇಳಿದ ದಿನ ತಾತ ಒಂದು ಚಹಾ ಹೆಚ್ಚಿಗೆ ಕುಡಿದಿದ್ದ.

ಕೂಸಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು, ಚಾಪೆಯ ಮೇಲೆ ಬಿಟ್ಟರೆ ಸುತ್ತಿ ಸುತ್ತಿ ಬಾಗಿಲು ಸೇರುತ್ತಿದ್ದಳು. ಬೆಳಿಗ್ಗೆ ಅವಳು ಅಜ್ಜಿಯ ಪಾಲು. ಊಟವಾದ ಮೇಲೆ ಅಜ್ಜಿಯ ಕಾಲು ಊದಿಕೊಳ್ಳುತ್ತಿತ್ತು. ಅವಳು ಒಳಗೆ ಹೋಗಿ ದಿಂಬಿನ ಮೇಲೆ ಕಾಲಿಟ್ಟು ಮಲಗಿದರೆ ಸಂಜೆಯ ತನಕ ಬುಗುರಿ ತಾತನ ಪಾಲು. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಅವನೇ ಮಾಡುತ್ತಿದ್ದ. ಗಂಡಸಾಗಿ ಇಷ್ಟು ಮಾಡುತ್ತಾನಲ್ಲ ಎಂದು ಬೀದಿಯೇ ಹೊಗಳುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ? ತಾತನಿಗಂತೂ ಬೇಕಿತ್ತು.

ಆದರೆ ಒಂದು ಸಂಗತಿ ಬೀದಿಗೂ ಗೊತ್ತಿರಲಿಲ್ಲ, ಮನೆಗೂ ಗೊತ್ತಿರಲಿಲ್ಲ. ಸಿನಿಮಾ ಟಾಕೀಸಿನವರು ತಮ್ಮ ಹರಕು ಸೀಟುಗಳಿಗೆಲ್ಲ ಹೊಸ ರೆಕ್ಸಿನ್ ಹಾಕಿಸಲು ತಾತನಿಗೆ ಒಪ್ಪಿಸಿದ್ದರು. ಅಷ್ಟು ದೊಡ್ಡ ಕೆಲಸ ಅವನ ಆಯುಸ್ಸಿನಲ್ಲೇ ಬಂದಿರಲಿಲ್ಲ. ರೆಕ್ಸಿನ್ ಎಳೆದು ಹಿಡಿಯಲು ಎರಡು ಕೈಯೂ ಬೇಕು. ಬುಗುರಿಗೆ ಹಾಲು ಕುಡಿಸಲೂ ಎರಡು ಕೈ ಬೇಕು. ದೇವರು ಕೊಟ್ಟದ್ದು ಎರಡೇ. ಹೀಗಾಗಿ ಒಂದು ಮಧ್ಯಾಹ್ನ ತಾತ ಸ್ಪಂಜಿನ ತುಂಡೊಂದನ್ನು ತೆಗೆದುಕೊಂಡು, ನಡುವೆ ಬಾಟಲಿ ಕೂರುವಷ್ಟು ಹಳ್ಳ ಕೊರೆದು, ಬಾಟಲಿ ಜಾರದಂತೆ ಮೇಲೊಂದು ಎಲಾಸ್ಟಿಕ್ ಪಟ್ಟಿ ಕೊಟ್ಟು, ಅಂಚಿಗೆ ನೀಲಿ ಪೈಪಿಂಗ್ ಹಾಕಿ ಒಂದು ಪುಟ್ಟ ಮೆತ್ತೆ ಹೊಲಿದ. ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೆತ್ತೆಯನ್ನು ಎದೆಯ ಪಕ್ಕಕ್ಕೆ ಒತ್ತಿಟ್ಟರೆ ಬಾಟಲಿಯ ತುದಿ ಸರಿಯಾಗಿ ಬಾಯಿಗೆ ಬರುತ್ತಿತ್ತು. ಬುಗುರಿ ಚಪ್ಪರಿಸುತ್ತಿದ್ದಳು, ತಾತ ಮಷೀನು ತುಳಿಯುತ್ತಿದ್ದ. ಕೆಲಸ ಸರಾಗವಾಗಿ ಸಾಗುತ್ತಿತ್ತು.

ಮಗು ಹುಟ್ಟಿದಾಗ ಸೊಸೆ ಹೇಳಿದ್ದಳು, "ಮಾವ, ಮಲಗಿಸಿ ಹಾಲು ಕುಡಿಸಬಾರದಂತೆ, ಆಸ್ಪತ್ರೆಯಲ್ಲಿ ಹೇಳಿದ್ದಾರೆ." "ಛೆ, ನನಗೆ ಗೊತ್ತಿಲ್ವೇನಮ್ಮ" ಎಂದಿದ್ದ. ಮೆತ್ತೆ ಹೊಲಿದ ದಿನ ಆ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿದ್ದರಿಂದಲೇ ಸೊಸೆ ಬರುವ ಹೊತ್ತಿಗೆ ಮೆತ್ತೆ ಚಿಂದಿ ಚೀಲದ ತಳ ಸೇರುತ್ತಿತ್ತು.

ಅದನ್ನು ನೋಡಿದವಳು ಒಬ್ಬಳೇ, ಎದುರಿನ ಇಸ್ತ್ರಿ ಅಂಗಡಿಯವಳು. ಅವಳ ಕಂಕುಳಲ್ಲೂ ಒಂದು ಕೂಸಿತ್ತು. ಒಂದು ದಿನ ಒಳಗೆ ಬಂದವಳು ಬಾಯಿಗೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. "ಅಯ್ಯಯ್ಯೋ ತಾತ, ಎಂಥಾ ತಲೆ ನಿಮ್ದು! ನನಗೂ ಒಂದು ಹೊಲಿದುಕೊಡಿ, ಪುಣ್ಯ ಬರುತ್ತೆ. ಇಸ್ತ್ರಿಪೆಟ್ಟಿಗೆ ಹಿಡಿದ ಕೈಯಲ್ಲಿ ಇವನಿಗೆ ಹಾಲು ಹಿಡಿಯೋಕಾಗ್ತಿಲ್ಲ." ತಾತ ಅವಳಿಗೆ ಇನ್ನೂ ಚೆಂದದ್ದನ್ನು ಹೊಲಿದುಕೊಟ್ಟ. "ನಮ್ಮ ಮನೆಯವರ ಮುಂದೆ ಹೇಳಬೇಡಮ್ಮ, ಸುಮ್ನೆ ರಗಳೆ" ಎಂದ. ಅವಳು ಕಣ್ಣು ಮಿಟುಕಿಸಿ ನಕ್ಕಳು.

ಇನ್ನೊಂದು ಹೆಮ್ಮೆಯೂ ಇತ್ತು. ಮೊದಮೊದಲು ಮಷೀನಿನ ಸದ್ದಿಗೆ ಬೆಚ್ಚಿ ಅಳುತ್ತಿದ್ದ ಬುಗುರಿ ಈಚೆಗೆ ಅದರ ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದಳು. "ನೋಡು, ನನ್ನ ಮೊಮ್ಮಗಳು! ತಾತನ ಕೆಲಸ ಅವಳ ರಕ್ತದಲ್ಲೇ ಇದೆ" ಎಂದು ಬಂದುಹೋದವರಿಗೆಲ್ಲ ಹೇಳಿಕೊಂಡಿದ್ದ.

ಕಿವಿ ಮತ್ತೆ ಸೋರಿದ ಆ ವಾರ ಕಿವಿ ಡಾಕ್ಟರ ಹತ್ತಿರ ಹೋಗುವಾಗ ಮಗನಿಗೆ ಎಲ್ಲೋ ಲಿಫ್ಟು ನಿಂತಿತ್ತು. ಸೊಸೆಯ ಜೊತೆ ತಾತ ಹೋದ. ಡಾಕ್ಟರಮ್ಮ ಸಣ್ಣ ದೀಪ ಹಿಡಿದು ಕಿವಿಯೊಳಗೆ ನೋಡಿದರು. ಆಮೇಲೆ ಬುಗುರಿಯ ಬೆನ್ನ ಹಿಂದೆ ಗಿಲಕಿ ಆಡಿಸಿದರು. ಬುಗುರಿ ತಾತನ ಅಂಗಿಯ ಗುಂಡಿ ಎಳೆಯುತ್ತಲೇ ಇದ್ದಳು. ಮತ್ತೊಮ್ಮೆ ಜೋರಾಗಿ ಆಡಿಸಿದರು. ಅವಳು ತಿರುಗಲಿಲ್ಲ.

"ಕಿವಿಪರದೆ ಹಿಂದೆ ನೀರು ನಿಂತಿದೆ. ಈಗ ಇವಳಿಗೆ ನಮ್ಮ ಮಾತೆಲ್ಲ ನೀರೊಳಗೆ ಮುಳುಗಿ ಕೇಳಿದ ಹಾಗೆ ಕೇಳ್ತಿರುತ್ತೆ. ನೀರು ತಾನಾಗೇ ಇಳಿದ್ರೆ ಸರಿಹೋಗುತ್ತೆ. ಹೀಗೇ ಪದೇ ಪದೇ ಸೋಂಕಾದ್ರೆ ಆಪರೇಷನ್ ಮಾಡಿ ಸಣ್ಣ ನಳಿಕೆ ಹಾಕಬೇಕಾಗಬಹುದು."

ಮಷೀನಿನ ಪಕ್ಕದ ಆ ನಿದ್ದೆ ತಾತನ ಕಣ್ಣಮುಂದೆ ಬಂತು.

"ಪದೇ ಪದೇ ಯಾಕೆ ಬರುತ್ತೆ ಡಾಕ್ಟ್ರೇ?" ಸೊಸೆ ಕೇಳಿದಳು.

"ಇದೇ ಕಾರಣ ಅಂತ ಹೇಳೋಕಾಗಲ್ಲಮ್ಮ. ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?"

"ಇಲ್ಲ."

"ಮಲಗಿಸಿ ಬಾಟಲಿ ಹಾಲು ಕುಡಿಸ್ತೀರಾ? ಅಂಗಾತ ಮಲಗಿ ಕುಡಿದ್ರೆ ಹಾಲು ಮೂಗಿನ ಹಿಂದಿನ ಕೊಳವೆಯಿಂದ ಕಿವಿ ಕಡೆಗೆ ಹೋಗಬಹುದು."

"ಇಲ್ವೇ ಇಲ್ಲ. ಮಧ್ಯಾಹ್ನ ಮಾವನೇ ಕುಡಿಸೋದು, ತೊಡೆ ಮೇಲೆ ಕೂರಿಸಿಕೊಂಡು. ನನಗಿಂತ ಅವರಿಗೇ ತಾಳ್ಮೆ ಜಾಸ್ತಿ."

ಡಾಕ್ಟರಮ್ಮ ತಾತನ ಕಡೆ ನೋಡಿ ನಕ್ಕರು. "ಇಂಥ ತಾತ ಸಿಗೋದು ಅಪರೂಪ."

ಬಾಯಿ ತೆರೆಯಬೇಕಾಗಿದ್ದದ್ದು ಆಗಲೇ. ತಾತ ತೆರೆದದ್ದೂ ಹೌದು, ಆದರೆ ಹೊರಗೆ ಬಂದದ್ದು ಒಂದು ಪೆಚ್ಚು ನಗು. ನಾಚಿಕೆಯಿಂದ ಕಿವಿಯ ತುದಿಯವರೆಗೂ ಬಿಸಿಯಾಯಿತು. ಡಾಕ್ಟರಮ್ಮ ಅದನ್ನು ಸಂಕೋಚ ಅಂದುಕೊಂಡಿರಬೇಕು.

"ಹಾಗಾದ್ರೆ ನೆಗಡಿ ಆಗದ ಹಾಗೆ ನೋಡಿಕೊಳ್ಳಿ. ಔಷಧಿ ನಡುವೆ ನಿಲ್ಲಿಸಬೇಡಿ, ಪೂರ್ತಿ ಕೊಡಿ" ಎಂದರು ಅವರು.

ಬಸ್ಸಿನಲ್ಲಿ ಸೊಸೆ ಕೇಳಿದಳು, "ಮಾವ, ಅತ್ತೆ ಹೇಳೋದು ನಿಜ ಇರಬಹುದಾ? ನನ್ನ ಚಳಿಯಿಂದಾನೇ ನೆಗಡಿ ಆಗ್ತಿದೆಯಾ ಇವಳಿಗೆ?"

"ಡಾಕ್ಟ್ರು ಹಾಗೇನೂ ಹೇಳಲಿಲ್ವಲ್ಲಮ್ಮ." ಅಷ್ಟೇ ಅಂದ. ಕಿಟಕಿಯ ಕಡೆ ತಿರುಗಿಕೊಂಡ.

ಮನೆಗೆ ಬಂದವನೇ ಚಿಂದಿ ಚೀಲದಿಂದ ಮೆತ್ತೆ ತೆಗೆದು, ಕತ್ತರಿ ಹಾಕಿ, ಗುರುತು ಸಿಗದಷ್ಟು ಚೂರು ಮಾಡಿ ಹಳೇ ಸೀಟಿನ ಹೊಟ್ಟೆಗೆ ತುಂಬಿದ. ಅಂದಿನಿಂದ ಬುಗುರಿಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೇ ಹಾಲು. ಕೆಲಸ ತಡವಾಯಿತೆಂದು ಟಾಕೀಸಿನವರು ಬಂದು ಕೂಗಾಡಿದರು, ಕೂಗಾಡಲಿ. ಮಾಡಿದ್ದನ್ನು ತಿದ್ದಿಕೊಂಡೆನಲ್ಲ, ಇನ್ನು ಹೇಳಿ ಮನೆ ಕದಡುವುದು ಯಾಕೆ? ಇದೇ ಕಾರಣ ಅಂತ ಡಾಕ್ಟರೂ ಹೇಳಲಿಲ್ಲವಲ್ಲ? ಹೀಗೆ ತನಗೆ ತಾನೇ ವಕೀಲನಾಗಿ ವಾದ ಮಾಡಿಕೊಂಡ. ಎದುರು ವಕೀಲ ಯಾರೂ ಇರಲಿಲ್ಲವಾದ್ದರಿಂದ ಗೆದ್ದ.

ಆದರೆ ಅಜ್ಜಿಯ ವಾದ ನಿಂತಿರಲಿಲ್ಲ. "ನೆಗಡಿ" ಎಂಬ ಒಂದೇ ಮಾತನ್ನು ಹಿಡಿದುಕೊಂಡು ಊಟಕ್ಕೆ ಕೂತಾಗಲೆಲ್ಲ ಬಡಿಸಿದಳು.

"ಡಾಕ್ಟ್ರೇ ಹೇಳಿದ ಮೇಲೆ ಇನ್ನೇನು? ಮಗು ಕಿವುಡಾದ ಮೇಲೆ ಬಿಡ್ತೀಯಾ ಆ ಕೆಲಸ?"

"ಅಮ್ಮ, ಅನ್ನ ತಿನ್ನೋಕೆ ಬಿಡು" ಎಂದ ಮಗ.

"ನೀನು ತಿನ್ನಪ್ಪ. ನಿನಗೆ ತಿನ್ನೋದೊಂದು ಗೊತ್ತು. ರೀ, ನೀವಾದ್ರೂ ಹೇಳ್ರೀ!"

ಎಲ್ಲರೂ ತಾತನ ಕಡೆ ನೋಡಿದರು. ಸೊಸೆಯೂ ನೋಡಿದಳು. ಆ ಮನೆಯಲ್ಲಿ ಅವಳ ಪರ ಮಾತಾಡುತ್ತಿದ್ದವನು ಅವನೊಬ್ಬನೇ. ತಾತ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಹಿಸುಕುತ್ತ, "ನಾನೇನು ಹೇಳಲಿ, ನಿಮ್ಮಿಷ್ಟ" ಎಂದ.

ಸೊಸೆ ತಟ್ಟೆ ಬಿಟ್ಟು ಎದ್ದಳು. ಮರುವಾರ ಕೆಲಸ ಬಿಟ್ಟಳು.

ಆಮೇಲೆ ನಡೆದದ್ದು ತಾತ ಎಣಿಸಿರದ ಸಂಗತಿ. ಬುಗುರಿ ಗುಣವಾಗತೊಡಗಿದಳು. ಕಿವಿ ಒಣಗಿತು, ಜ್ವರ ಬರಲಿಲ್ಲ, ದಿಂಬಿನ ಮೇಲೆ ಕಲೆ ಕಾಣಲಿಲ್ಲ. ಪಾತ್ರೆ ಬಿದ್ದರೆ ತಿರುಗಿ ನೋಡಿದಳು. ಅಜ್ಜಿಯ ಸಂಭ್ರಮ ಕೇಳಬೇಕೆ? ತರಕಾರಿಯವನಿಂದ ಹಿಡಿದು ಪಕ್ಕದ ಮನೆಯವರೆಗೆ ಎಲ್ಲರಿಗೂ ಸಾರಿದಳು. "ಚಳಿ ಮನೆ ಬಿಟ್ಟಿತು ನೋಡಿ, ಕಿವಿ ಒಣಗಿತು. ನಾನು ಬಡ್ಕೊಂಡೆ, ಯಾರು ಕೇಳಿದ್ರು?"

ಸೊಸೆ ಎದುರುತ್ತರ ಕೊಡುವುದನ್ನೇ ಬಿಟ್ಟಿದ್ದಳು. ಅದೇ ತಾತನನ್ನು ತಿನ್ನುತ್ತಿದ್ದದ್ದು. ಜಗಳವಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈಗ ಮಧ್ಯಾಹ್ನವೂ ಬುಗುರಿ ಒಳಗೆ ಅವಳ ಹತ್ತಿರವೇ, ಮಷೀನಿನ ಪಕ್ಕಕ್ಕೆ ಬರುತ್ತಿರಲಿಲ್ಲ. ಅವಳು ಮಗುವನ್ನು ಎತ್ತಿಕೊಳ್ಳುವ ಮೊದಲು ಅಂಗೈಗಳನ್ನು ತಿಕ್ಕಿ ತಿಕ್ಕಿ ಬಿಸಿ ಮಾಡಿಕೊಳ್ಳುತ್ತಿದ್ದಳು. ಕೆಲಸ ಬಿಟ್ಟು ವಾರಗಳಾದರೂ ಹಾಗೆ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೋಟನ್ನು ಮಡಿಸಿಕೊಂಡು ಅಂಗಡಿಗೆ ಬಂದಳು.

"ಮಾವ, ಇದನ್ನ ಬಿಚ್ಚಿಬಿಡಿ. ಹತ್ತಿ ಯಾವುದಾದ್ರೂ ಸೀಟಿಗೆ ಆಗುತ್ತೆ."

"ಇರಲಿ ಬಿಡಮ್ಮ, ಚೆನ್ನಾಗಿದೆ. ಮುಂದೆ ಬೇಕಾಗಬಹುದು."

"ಬೇಡ ಮಾವ. ನನಗೆ ಇದನ್ನ ನೋಡೋಕಾಗ್ತಿಲ್ಲ." ಅವಳು ಕೋಟನ್ನು ಅವನ ಮುಂದಿಟ್ಟಳು. "ಅತ್ತೆ ಮೊದಲ ಸಲ ಹೇಳಿದಾಗಲೇ ಕೇಳಬೇಕಿತ್ತು. ಮುಖ್ಯಸ್ಥೆ ಆದೆ ಅಂತ ಜಂಬ ನನಗೆ. ನನ್ನ ಜಂಬಕ್ಕೆ ಈ ಪಾಪುವಿನ ಕಿವಿ ಹಾಳು ಮಾಡ್ತಿದ್ದೆನಲ್ಲ. ತಾಯಿ ಅಂತ ಹೇಳಿಕೊಳ್ಳೋಕೂ ನಾಚಿಕೆ ಆಗುತ್ತೆ."

ಅವಳು ಒಳಗೆ ಹೋದ ಮೇಲೆ ತಾತ ಕೋಟನ್ನು ಹಲಗೆಯ ಮೇಲೆ ಹರಡಿ ಕತ್ತರಿ ಎತ್ತಿಕೊಂಡ. ಕೈಯ ಪಟ್ಟಿಯ ಹೊಲಿಗೆಗೆ ತುದಿ ತಾಗಿಸಿದ. ಹೊಲಿಗೆ ಅವನದೇ, ಒಂದು ಎಳೆಯೂ ಸಡಿಲಾಗಿರಲಿಲ್ಲ. ಅವಳು ಹೊತ್ತುಕೊಂಡ ಆ ನಾಚಿಕೆ ತನ್ನದು, ತನ್ನ ಹೆಸರು ಬರೆದಿಟ್ಟ ಹಾಗೆ ತನ್ನದು. ಅದನ್ನು ಅವಳ ಹೆಗಲಿಗೆ ಹಾಕಿ ತಾನು ಬರಿಗೈಯಲ್ಲಿ ಕೂತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಕತ್ತರಿ ಕೆಳಗಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಎದುರಿನ ಇಸ್ತ್ರಿ ಅಂಗಡಿಗೆ ಹೋದ.

"ಅಮ್ಮ, ಆ ಬಾಟಲಿ ಮೆತ್ತೆ ವಾಪಸ್ ಕೊಡು."

"ಯಾಕೆ ತಾತ? ಈಗಷ್ಟೇ ಇವನು ಕುಡಿದು ಮಲಗಿದ."

ಹೇಳಿದ. ಡಾಕ್ಟರು ಅಂದದ್ದನ್ನೆಲ್ಲ ಬಿಡದೆ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನಮ್ಮ ಹುಡುಗನೂ ಕಿವಿ ತಿಕ್ಕಿಕೊಂಡು ಅಳ್ತಿದ್ದಾನಲ್ಲ. ಹಲ್ಲು ಬರ್ತಿದೆ ಅಂದುಕೊಂಡಿದ್ದೆ." ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು, "ನಿಮಗೆ ಯಾವಾಗಿಂದ ಗೊತ್ತು?"

"ಡಾಕ್ಟ್ರ ಹತ್ತಿರ ಹೋದ ದಿನದಿಂದ."

"ನಿಮ್ಮ ಮೊಮ್ಮಗಳಿಗೆ ಅವತ್ತೇ ನಿಲ್ಲಿಸಿದ್ರಾ?"

"ಹೂಂ."

"ನನ್ನ ಮಗ ಎದುರಿಗೇ ಇದ್ನಲ್ಲ ತಾತ. ಬೀದಿ ದಾಟಿದ್ರೆ ಸಾಕಿತ್ತು."

ಅವಳು ಬೈಯಲಿಲ್ಲ. ಮೆತ್ತೆಯನ್ನು ಅವನ ಕೈಗೆ ಕೂಡ ಕೊಡಲಿಲ್ಲ, ಇಸ್ತ್ರಿ ಹಲಗೆಯ ಅಂಚಿಗೆ ಇಟ್ಟು ಮಗುವಿನ ಕಡೆ ಹೋದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ತಾತನಿಗೆ. ನೆಲಕ್ಕೆ ಅಂಥ ಕರುಣೆ ಎಲ್ಲಿಂದ ಬರಬೇಕು? ಮೆತ್ತೆ ಎತ್ತಿಕೊಂಡು, ನಡೆದುಕೊಂಡೇ ಬೀದಿ ದಾಟಿದ.

ಸಂಜೆ ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಯ ಪಕ್ಕದಲ್ಲಿ, ಆ ಮೆತ್ತೆಯನ್ನಿಟ್ಟ.

"ಇದೇನ್ರೀ ಇದು?" ಎಂದಳು ಅಜ್ಜಿ.

ತಾತ ನಿಂತುಕೊಂಡೇ ಹೇಳಿದ. ಮೆತ್ತೆ ಹೊಲಿದದ್ದು, ಬಚ್ಚಿಟ್ಟದ್ದು, ಇದನ್ನು ಎದುರಿನವಳಿಗೂ ಹೊಲಿದುಕೊಟ್ಟದ್ದು, ಡಾಕ್ಟರ ಮುಂದೆ ನಕ್ಕದ್ದು, ಬುಗುರಿಯದನ್ನು ಕತ್ತರಿಸಿ ಹಾಕಿದ್ದು. "ಕೋಟಿನ ಚಳಿ ಅಲ್ಲ. ಇವಳ ತಪ್ಪೇನೂ ಇಲ್ಲ. ಕೆಲಸ ಬಿಡಬೇಡಮ್ಮ ಅಂತ ಅವತ್ತು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನಾನು ಹೇಡಿ."

ಮಗನ ಮುಖ ಕೆಂಪಾಯಿತು. "ಅಪ್ಪ, ಇಷ್ಟು ದಿನ ಅವಳು ಅಳೋದನ್ನ ನೋಡ್ಕೊಂಡು ಕೂತಿದ್ರಲ್ಲ! ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ನೀನೂ ನೋಡ್ಕೊಂಡು ಕೂತಿದ್ದೆ" ಎಂದಳು ಅವನ ಹೆಂಡತಿ.

ಅಜ್ಜಿ ಸೆರಗಿನಿಂದ ಮೇಜು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಸೊಸೆ ಮೆತ್ತೆಯನ್ನು ಕೈಗೆ ತೆಗೆದುಕೊಂಡಳು. ಹಳ್ಳದೊಳಗೆ ಬೆರಳಾಡಿಸಿದಳು, ಎಲಾಸ್ಟಿಕ್ ಎಳೆದು ಬಿಟ್ಟಳು, ಅಂಚಿನ ಪೈಪಿಂಗನ್ನು ಸುತ್ತಲೂ ನೋಡಿದಳು.

"ಎಷ್ಟು ಚೆನ್ನಾಗಿ ಹೊಲಿದಿದ್ದೀರಿ ಮಾವ" ಎಂದಳು.

ಕೆನ್ನೆಗೆ ಹೊಡೆದಿದ್ದರೆ ತಾತನಿಗೆ ಅಷ್ಟು ನೋಯುತ್ತಿರಲಿಲ್ಲ. ಅವತ್ತು ಅವನ ತಟ್ಟೆಯಲ್ಲಿ ಅನ್ನ ತಣ್ಣಗಾಯಿತು.

ಮರುದಿನ ಮಧ್ಯಾಹ್ನ ಅವಳು ಹೊರಡಲು ಸಿದ್ಧಳಾಗಿ ಅಂಗಡಿಗೆ ಬಂದಳು. ಹಲಗೆಯ ಮೇಲಿದ್ದ ಕೋಟನ್ನು ಕೊಡವಿ ಹಾಕಿಕೊಂಡಳು. ತನ್ನ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡಿದ್ದಾರಂತೆ, ಆದರೂ ಕೇಳಿ ನೋಡುತ್ತೇನೆ, ಪೆಟ್ಟಿಗೆ ಹೊರುವ ಕೆಲಸವಾದರೂ ಸರಿ, ಎಂದಳು. ಬುಗುರಿಯನ್ನು ಎತ್ತಿ, ಅಂಗೈ ತಿಕ್ಕಿಕೊಳ್ಳದೆಯೇ, ಒಂದು ಸಲ ಗಟ್ಟಿಯಾಗಿ ಅಪ್ಪಿಕೊಂಡಳು.

ತಾತ ಕೈ ಚಾಚಿದ. ಅವಳು ತಕ್ಷಣ ಕೊಡಲಿಲ್ಲ.

"ಅತ್ತೆ" ಎಂದು ಒಳಗೆ ಕೂಗಿದಳು. "ನಾನು ಬರೋವರೆಗೆ ಸ್ವಲ್ಪ ಇಲ್ಲೇ ಬಂದು ಕೂತ್ಕೊಳ್ಳಿ."

ಅಜ್ಜಿ ಊದಿದ ಕಾಲೆಳೆದುಕೊಂಡು ಬಂದು, ತಾತನ ಎದುರಿಗಿದ್ದ ಟಾಕೀಸಿನ ಸೀಟಿನಲ್ಲಿ ಕೂತಳು. ಆಗ ಸೊಸೆ ಮಗುವನ್ನು ತಾತನ ತೊಡೆಯ ಮೇಲಿಟ್ಟು, ಬಾಟಲಿ ಕೈಗೆ ಕೊಟ್ಟು, "ತಲೆ ಮೇಲಕ್ಕಿರಲಿ ಮಾವ" ಎಂದು ಹೋದಳು. ದನಿಯಲ್ಲಿ ಕೋಪವಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವ ಹಾಗಿತ್ತು.

ತಾತ ಕುಡಿಸಿದ. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತ ಕೂತಳು. ತೋಳು ಜೋಮು ಹಿಡಿಯಿತು, ಆದರೂ ಬದಲಿಸಲಿಲ್ಲ. ಹಾಲು ಮುಗಿದ ಮೇಲೆ ಮಗುವನ್ನು ಅಜ್ಜಿಯ ಮಡಿಲಿಗೆ ಕೊಟ್ಟು, ಟಾಕೀಸಿನ ಕೆಲಸ ಒಂದಿಷ್ಟಾದರೂ ಮುಗಿಯಲಿ ಎಂದು ಮಷೀನಿಗೆ ಕೂತು ಕಾಲಿನಿಂದ ಒಂದು ಸಲ ತುಳಿದ.

ಬುಗುರಿ ಬೆಚ್ಚಿಬಿದ್ದಳು. ತಲೆ ತಿರುಗಿಸಿ ಮಷೀನನ್ನು ನೋಡಿ, ಆಮೇಲೆ ತಾತನನ್ನು ನೋಡಿ, ಕಿಟಾರನೆ ಕಿರುಚಿ ಅಳತೊಡಗಿದಳು.

"ನಿಲ್ಲಿಸಿ, ನಿಲ್ಲಿಸಿ!" ಅಜ್ಜಿ ಗಾಬರಿಯಿಂದ ಕೂಗಿದಳು.

ತಾತ ಕಾಲು ತೆಗೆದ. ಅಳು ಬೀದಿಯವರೆಗೂ ಕೇಳುತ್ತಿತ್ತು. ಎದುರಿನ ಅಂಗಡಿಯವಳು ಇಸ್ತ್ರಿ ನಿಲ್ಲಿಸಿ ಒಮ್ಮೆ ಇತ್ತ ನೋಡಿ ಮುಖ ತಿರುಗಿಸಿಕೊಂಡಳು. ಮಗುವಿಗೆ ಕೇಳಿಸುತ್ತಿದೆ ಎಂದು ತಾತನಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದನ್ನು ತಲೆಯೆತ್ತಿ ಯಾರಿಗೆ ಹೇಳಿಕೊಳ್ಳಬೇಕೋ ತಿಳಿಯದೆ, ಮಷೀನಿನ ಮೇಲೆ ಬಟ್ಟೆ ಮುಚ್ಚಿ, ಅವಳು ಸುಮ್ಮನಾಗುವುದನ್ನು ಕಾಯುತ್ತ ಕೂತ.